ಕೊತಾತ್ಸು ಒಳಗೆ ಮಲಗಿದ ಹಕ್ಕಿ

ನಾನು ಚಿಕ್ಕವನಿದ್ದಾಗ ಈಗಿನಷ್ಟೇ ದಡ್ಡನಾಗಿದ್ದೆ, ಎತ್ತರ ಮಾತ್ರ ಕಡಿಮೆ ಇತ್ತು. ಪಕ್ಕದ ಮನೆಯ ಮುದುಕರೊಬ್ಬರು ಹೇಳಿದ ನಾಲ್ಕು ಮಾತನ್ನು ಅಜ್ಜಿಗೆ ಕನ್ನಡದಲ್ಲಿ ಹೇಳು ಅಂದರೆ, ಆ ಮುದುಕರ ಗಲ್ಲ ಹೇಗೆ ಅದುರಿತು, ಮೂಗು ಹೇಗೆ ಸುರ್ ಅಂದಿತು ಅನ್ನೋದನ್ನೆಲ್ಲ ಚಾಚೂ ತಪ್ಪದೆ ಮಾಡಿ ತೋರಿಸಿ, ಮಾತನ್ನು ಮಾತ್ರ ಬಾಗಿಲಲ್ಲೇ ಬಿಟ್ಟು ಬಂದೆ. ಇದೇ ನನ್ನ ಘನಕಾರ್ಯ. ಮೊದಲೇ ಹೇಳಿಬಿಟ್ಟಿದ್ದೇನೆ. ಕೊನೆಯವರೆಗೂ ಕಾದು 'ಓಹೋ, ಮಾಮನೇ ಮಾಡಿದ್ದು' ಅಂತ ನೀವಿಬ್ಬರೂ ಕುಣಿಯೋ ಹಾಗಿಲ್ಲ.

'ಚಿಕ್ಕವನಿದ್ದಾಗ' ಅಂತ ಕಥೆ ಶುರು ಮಾಡಬೇಕಾದರೆ ತಲೆ ನೆರೆತಿರಬೇಕು, ಹಲ್ಲು ಅಲ್ಲಾಡಬೇಕು ಅನ್ನೋದು ನನಗೂ ಗೊತ್ತು. ನನಗಿನ್ನೂ ಇಪ್ಪತ್ತೈದೂ ತುಂಬಿಲ್ಲ. ಇದನ್ನು ಹೇಳಬೇಕಾಗಿದ್ದವರು ನಿಮ್ಮ ತಾತ, ಅಂದರೆ ನಮ್ಮ ಅಪ್ಪ. ಆದರೆ ಅಪ್ಪ ವಿಡಿಯೊ ಕಾಲ್‌ನಲ್ಲಿ ಕಥೆ ತೆಗೆದರೆ ಎರಡನೇ ವಾಕ್ಯಕ್ಕೇ ಬಿ.ಪಿ. ಮಾತ್ರೆಯ ಹತ್ತಿರ ಬಂದು ನಿಂತುಬಿಡುತ್ತಾರೆ. ಹಾಗಾಗಿ ಅವರ ಕುರ್ಚಿ, ಅವರ ಕೆಮ್ಮು ಎರಡನ್ನೂ ಕೇಳದೆಯೇ ತಂದು ನಾನು ಕೂತಿದ್ದೇನೆ.

ಆಗ ನಾವಿದ್ದದ್ದು ಇದೇ ಜಪಾನಿನ ನಗೋಯಾದಿಂದ ಒಂದು ರೈಲು ಇಳಿದು ಇನ್ನೊಂದು ಪುಟ್ಟ ರೈಲು ಹತ್ತಿದರೆ ಸಿಗುವ, ಬೆಟ್ಟದ ಬುಡದ ಊರಿನಲ್ಲಿ. ಅಪ್ಪನ ಕಂಪನಿಯವರು ಹೊಸ ಕಾರುಗಳನ್ನು ಓಡಿಸಿ ಪರೀಕ್ಷೆ ಮಾಡುವ ಜಾಗ ಬೆಟ್ಟದ ಆಚೆ ಇತ್ತು. ನಮಗೆ ಕೊಟ್ಟಿದ್ದು ಮರದ ಹಳೇ ಮನೆ. ಚಳಿಗಾಲದ ಬೆಳಿಗ್ಗೆ ಒದ್ದೆ ಟವೆಲ್ ಹಪ್ಪಳದ ಹಾಗೆ ಸೆಟೆದು ನಿಂತಿರುತ್ತಿತ್ತು. ಮನೆಯಲ್ಲಿ ಬೆಚ್ಚಗಿನ ಜಾಗ ಅಂತ ಇದ್ದದ್ದು ಒಂದೇ, ಕೊತಾತ್ಸು. ನಿಮ್ಮ ಮನೆಯಲ್ಲಿ ಅದಿಲ್ಲ, ನಿಮ್ಮದು ಗೋಡೆಯೇ ಬಿಸಿಗಾಳಿ ಊದುವ ಮನೆ. ಕೊತಾತ್ಸು ಅಂದರೆ ಗಿಡ್ಡ ಮೇಜು, ಅದರ ಹೊಟ್ಟೆಗೆ ಅಂಟಿಸಿದ ಹೀಟರು, ಸುತ್ತಲೂ ನೆಲಕ್ಕೆ ಇಳಿಬಿದ್ದ ದಪ್ಪ ರಜಾಯಿ. ಎಲ್ಲರೂ ನಾಲ್ಕು ಕಡೆಯಿಂದ ಕಾಲು ಒಳಗೆ ತೂರಿಸಿ ಕೂತರೆ, ಯಾರ ಕಾಲು ಯಾರದು ಅಂತ ಜಗಳ ಶುರುವಾಗುತ್ತಿತ್ತು.

ಆ ವರ್ಷ ಮೈಸೂರಿನಿಂದ ಅಜ್ಜಿ ಬಂದಿದ್ದರು, ಅಪ್ಪನ ಅಮ್ಮ. ಎರಡು ಸ್ವೆಟರ್, ಅದರ ಮೇಲೆ ಸೀರೆ, ಅದರ ಮೇಲೆ ಅಪ್ಪನ ಕಂಪನಿಯ ಜಾಕೆಟ್ಟು. ಹಿಂದಿನಿಂದ ನೋಡಿದರೆ ಫ್ಯಾಕ್ಟರಿಗೆ ಹೊರಟ ಗೌರಿಯ ಹಾಗೆ ಕಾಣುತ್ತಿದ್ದರು. ಇದನ್ನು ಅವರೆದುರಿಗೇ ಅಂದು ಕಿವಿ ಹಿಂಡಿಸಿಕೊಂಡಿದ್ದೆ.

ಪಕ್ಕದ ಮನೆಯವರನ್ನು ಇಡೀ ಬೀದಿ ಓಜೀಸಾನ್ ಅನ್ನುತ್ತಿತ್ತು, ಅಂದರೆ ಅಜ್ಜ, ಅಷ್ಟೇ. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ಅಜ್ಜಿಗೂ ಅವರಿಗೂ ಬೇಲಿಯ ಮೇಲಿನ ಸ್ನೇಹ. ಅವರು ತೋಳಿನಷ್ಟು ದಪ್ಪದ ಮೂಲಂಗಿ ಕೊಡುತ್ತಿದ್ದರು, ಅಜ್ಜಿ ಚಟ್ನಿಪುಡಿ ಕೊಡುತ್ತಿದ್ದರು. ಮೊದಲ ಸಲ ಚಟ್ನಿಪುಡಿಯನ್ನು ಅವರು ಚಮಚದಲ್ಲಿ ತುಂಬಿ ನೇರ ಬಾಯಿಗೆ ಸುರಿದುಕೊಂಡರು. ಮುಖ ಸೂರ್ಯಾಸ್ತವಾಯಿತು. ಆದರೂ ನಡು ಬಗ್ಗಿಸಿ, ಕಣ್ಣಲ್ಲಿ ನೀರು ಸುರಿಸುತ್ತಾ, ಅರಿಗಾತೋ ಅರಿಗಾತೋ ಅಂತ ಥ್ಯಾಂಕ್ಸ್ ಹೇಳಿದರು. "ಎಷ್ಟು ಒಳ್ಳೇ ಮನುಷ್ಯರೋ, ಚಟ್ನಿಪುಡಿಗೆ ಅಳ್ತಾರಲ್ಲೋ" ಅಂತ ಅಜ್ಜಿಗೂ ಕಣ್ಣು ತುಂಬಿತು.

ಇಬ್ಬರ ನಡುವೆ ಮಾತು ಸಾಗಿಸುವವನು ನಾನು. ಅಪ್ಪನ ಜಪಾನೀಸು ಆಫೀಸಿಗೆ ಸಾಕಾಗುತ್ತಿತ್ತು, ಅಮ್ಮನದು ತರಕಾರಿ ಅಂಗಡಿಗೆ. ನನ್ನದು ಸ್ಕೂಲಿನದು, ನೀರಿನ ಹಾಗೆ ಹರಿಯುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ನನಗೆ ಬರುತ್ತಿದ್ದದ್ದು ಅಣಕ. ಕೊಂಬಿನಿ ಅಂಗಡಿಯ ಹುಡುಗಿ ಮೂಗಿನಲ್ಲಿ ಸ್ವಾಗತ ಹೇಳುವುದು, ರೈಲಿನ ಬಾಗಿಲು ಮುಚ್ಚುವಾಗ ಕೇಳುವ ಹೆಂಗಸಿನ ದನಿ, ಅಪ್ಪ ಫೋನಿನಲ್ಲಿ ಬಾಸ್ ಜೊತೆ ಮಾತಾಡುತ್ತಾ ಗೋಡೆಗೆ ಬಗ್ಗಿ ಬಗ್ಗಿ ನಮಸ್ಕರಿಸುವುದು, ಅಜ್ಜಿ ಸೀನಿ 'ಅಯ್ಯೋ ರಾಮಾ' ಅನ್ನುವುದು, ಯಾವುದನ್ನು ಬೇಕಾದರೂ ಮಾಡುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ನಗು ಬಂದ ಮೇಲೆ ಇನ್ನೇನು ಬೇಕು ಹೇಳಿ?

ಓಜೀಸಾನ್ ಬೇಟೆಗಾರರು. ಚಳಿಗಾಲದ ಬೇಟೆಯ ತಿಂಗಳುಗಳಲ್ಲಿ ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟು, ಬಂದೂಕು ಹೆಗಲಿಗೇರಿಸಿ, ನಾಯಿಯ ಜೊತೆ ಬೆಟ್ಟ ಹತ್ತುತ್ತಿದ್ದರು. ನಾಯಿಯ ಹೆಸರು ಕುರೋ, ಅಂದರೆ ಕಪ್ಪು. ಅಜ್ಜಿ ಅದನ್ನು ಕರಿಯ ಅನ್ನುತ್ತಿದ್ದರು. ಅದು ಎರಡಕ್ಕೂ ಬಾಲ ಆಡಿಸುತ್ತಿತ್ತು. ಮೂತಿ ಮಾತ್ರ ಹಿಟ್ಟಿನಲ್ಲಿ ಅದ್ದಿದ ಹಾಗೆ ನೆರೆತು ಬೆಳ್ಳಗಾಗಿತ್ತು.

ಅವರ ಮನೆಯ ಒಳಕೋಣೆಯಲ್ಲಿ ಒಂದು ಉದ್ದದ ಹಲಗೆ. ಅದರ ಮೇಲೆ ಮೂರು ಹಕ್ಕಿಗಳು, ಈಗ ಹಾರುತ್ತವೆ ಅನ್ನುವ ಹಾಗೆ ಕತ್ತು ತಿರುಗಿಸಿ ನಿಂತಿದ್ದವು. ಒಳಗೆ ಮಾಂಸ ಇಲ್ಲ, ಮೂಳೆಯೂ ಹೆಚ್ಚಿಲ್ಲ. ಚರ್ಮ, ಗರಿ ಎರಡನ್ನೇ ಉಳಿಸಿಕೊಂಡು ಒಳಗೆ ಹಗುರ ಮರದ ಎಳೆಗಳನ್ನು ತುಂಬಿ ನಿಲ್ಲಿಸಿದ್ದು. ಪ್ರತಿ ಹಕ್ಕಿಯ ಕಾಲ ಬಳಿ ಒಂದೊಂದು ಸವೆದ ಚರ್ಮದ ಪಟ್ಟಿ, ನಾಯಿಯ ಕತ್ತಿನದು. ಕುರೋಗಿಂತ ಮೊದಲು ಓಜೀಸಾನ್ ಮೂರು ನಾಯಿ ಸಾಕಿ ಕಳೆದುಕೊಂಡಿದ್ದರು. ಪ್ರತಿ ನಾಯಿಯೂ ತನ್ನ ಕೊನೆಯ ಚಳಿಗಾಲದಲ್ಲಿ ಬಾಯಲ್ಲಿ ಕಚ್ಚಿ ತಂದುಕೊಟ್ಟ ಕೊನೆಯ ಹಕ್ಕಿ ಅದು. ಉಳಿದವನ್ನೆಲ್ಲ ಅವರು ಬೇಯಿಸಿ ತಿನ್ನುತ್ತಿದ್ದರು. ಅದೊಂದನ್ನು ಮಾತ್ರ ತಿನ್ನುತ್ತಿರಲಿಲ್ಲ. ನಾಯಿಯ ಫೋಟೋ ಯಾಕೆ ಇಟ್ಟಿಲ್ಲ ಅಂತ ಅಕ್ಕ ಕೇಳಿದ್ದಳು. "ಫೋಟೋ ತೆಗೆದವನು ನಾನಾಗ್ತೀನಿ. ಇದು ಅವರು ಕೊಟ್ಟಿದ್ದು" ಅಂದಿದ್ದರು. ನಾಯಿಗಳನ್ನು ಅವರು 'ಅವರು' ಅಂತಲೇ ಅನ್ನುತ್ತಿದ್ದರು.

ಅಕ್ಕನಿಗೆ, ಅಂದರೆ ನಿಮ್ಮ ಅಮ್ಮನಿಗೆ, ಆ ಕೆಲಸದ ಹುಚ್ಚು. ಮೊಟ್ಟೆಯೂ ಒಳಗೆ ಬಾರದ ಮನೆಯ ಹುಡುಗಿ, ಹಿಂದಿನ ಚಳಿಗಾಲದಲ್ಲಿ ಓಜೀಸಾನ್ ತಮ್ಮ ಗೆಳೆಯರೊಬ್ಬರ ಹಕ್ಕಿಯನ್ನು ಸಿದ್ಧಮಾಡುವಾಗ ಪಕ್ಕದಲ್ಲಿ ಮೊಣಕಾಲೂರಿ ಕೂತುಬಿಟ್ಟಿದ್ದಳು. ಹಕ್ಕಿ ಬಿದ್ದ ಕೂಡಲೇ ಕೊಕ್ಕಿನೊಳಗೆ ಹತ್ತಿ ಇಡಬೇಕು, ಇಲ್ಲದಿದ್ದರೆ ಒಳಗಿನ ರಕ್ತ ಹರಿದು ಗರಿ ಕೆಡುತ್ತದೆ. ಬಾಲ ಹಿಡಿದು ಎತ್ತಲೇಬಾರದು. ರಕ್ತದ ಕಲೆ ಇದ್ದರೆ ಆಲೂಗಡ್ಡೆ ಹಿಟ್ಟು ಉದುರಿಸಿ, ಅದು ಹೀರಿಕೊಂಡ ಮೇಲೆ ಮೆತ್ತನೆ ಬ್ರಷ್ಷಿನಿಂದ ತಟ್ಟಬೇಕು. ಎಲ್ಲಕ್ಕಿಂತ ಮೊದಲು ಮೈಯ ಬಿಸಿ ಆರಬೇಕು, ತಣ್ಣಗಿಡಬೇಕು. ಆಮೇಲೆ ಎದೆಯ ಮೇಲೆ ಒಂದು ಸಣ್ಣ ಗೀರು, ಅಲ್ಲಿಂದ ಚರ್ಮವನ್ನು ಬಿಡಿಸುವುದು, ನಿದ್ದೆ ಹೋದ ಮಗುವಿನ ಸ್ವೆಟರ್ ಬಿಚ್ಚುವಷ್ಟು ನಿಧಾನವಾಗಿ. ಅಕ್ಕ ಇದನ್ನೆಲ್ಲ ಕಣ್ಣಲ್ಲೇ ನುಂಗಿದಳು. ನಾನೂ ಅಲ್ಲೇ ಕೂತಿದ್ದೆ. ನಾನು ಕಲಿತದ್ದು ಏನು ಗೊತ್ತಾ? ಕೆಲಸದಲ್ಲಿ ಮುಳುಗಿದಾಗ ಓಜೀಸಾನ್ ನಾಲಿಗೆಯ ತುದಿ ಎಡಗಡೆ ಬಾಯಿಯ ಮೂಲೆಯಿಂದ ಹೊರಗೆ ಇಣುಕುತ್ತಿತ್ತು. ಅದನ್ನು ಅಚ್ಚುಕಟ್ಟಾಗಿ ಕಲಿತೆ. ಅಕ್ಕ ಕೆಲಸ ಕಲಿತಳು, ನಾನು ನಾಲಿಗೆ ಕಲಿತೆ.

ಕುರೋಗೆ ವಯಸ್ಸಾಗಿತ್ತು. ಆ ಚಳಿಗಾಲದಲ್ಲಿ ಅದು ಇನ್ನೂ ಒಂದು ಹಕ್ಕಿಯನ್ನೂ ತಂದಿರಲಿಲ್ಲ, ಅರ್ಧ ಬೆಟ್ಟ ಹತ್ತಿ ಕೂತುಬಿಡುತ್ತಿತ್ತು. ಓಜೀಸಾನ್‌ಗೂ ಕೈ ನಡುಗಲು ಶುರುವಾಗಿತ್ತು. ಬೇಟೆಯ ತಿಂಗಳು ಮುಗಿದರೆ ಬಂದೂಕಿನ ಲೈಸೆನ್ಸ್ ಹಿಂದಕ್ಕೆ ಕೊಟ್ಟುಬಿಡುತ್ತೇನೆ, ಇನ್ನೊಂದು ನಾಯಿ ಸಾಕುವ ವಯಸ್ಸು ನನ್ನದಲ್ಲ ಅಂತ ಬೇಲಿಯ ಹತ್ತಿರ ಹೇಳಿದ್ದರು. ಹಲಗೆಯ ಮೇಲೆ ನಾಲ್ಕನೆಯದಕ್ಕೆ ಜಾಗ ಒರೆಸಿ ಇಟ್ಟಿದ್ದರು. ಒಂದೇ ಒಂದು ಹಕ್ಕಿ ಕುರೋ ಬಾಯಿಂದ ಸಿಕ್ಕರೆ ಸಾಕಿತ್ತು.

ಅದೊಂದು ಶನಿವಾರ. ಅಪ್ಪ ಓವರ್‌ಟೈಮಿಗೆ ಹೋಗಿದ್ದರು. ಅಮ್ಮ, ಅಕ್ಕ ಇಬ್ಬರೂ ತೊಗರಿಬೇಳೆ, ಹುಣಸೆಹಣ್ಣು ತರಲು ನಗೋಯಾಕ್ಕೆ ಹೋಗಿದ್ದರು. ಅಜ್ಜಿ, ನಾನು ಕೊತಾತ್ಸುವಿನಲ್ಲಿ ಕಾಲಿಟ್ಟು ಕಿತ್ತಳೆ ಸುಲಿಯುತ್ತಿದ್ದೆವು. ಹೊರಗೆ ಹಿಮ ಬಿದ್ದು ನಿಂತು, ಬಿಸಿಲು ಬಂದಿತ್ತು. ಬಾಗಿಲು ದಡಬಡ ಬಡಿದ ಸದ್ದಾಯಿತು.

ಓಜೀಸಾನ್. ಒಂದು ತೋಳಿನಲ್ಲಿ ಕುರೋ, ಇನ್ನೊಂದು ಕೈಯಲ್ಲಿ ಹಕ್ಕಿ. ಕುರೋದ ತಲೆ ಅವರ ಮೊಣಕೈಯ ಮೇಲೆ ಜೋತುಬಿದ್ದಿತ್ತು, ಹೊಟ್ಟೆ ಮಾತ್ರ ಬೇಗ ಬೇಗ ಏರಿಳಿಯುತ್ತಿತ್ತು. ಹಕ್ಕಿ ಯಾಮಾದೊರಿ, ಬೆಟ್ಟದ ಹಕ್ಕಿ. ತಿಕ್ಕಿ ಬೆಳಗಿದ ತಾಮ್ರದ ಚೊಂಬಿನ ಬಣ್ಣ, ಮೈಗಿಂತ ಉದ್ದದ ಪಟ್ಟೆಪಟ್ಟೆ ಬಾಲ. ಕೊಕ್ಕಿನಲ್ಲಿ ಬಿಳೀ ಹತ್ತಿ. ಎದೆಯ ಮೇಲೆ ಎರಡು ಕಡೆ ರಕ್ತ.

ಅವರು ಉಸಿರು ಸಿಕ್ಕಿಸಿಕೊಂಡು ಹೇಳಿದರು, "ಹುಡುಗಾ, ಕುರೋ ತಂದುಕೊಟ್ಟು ಹಾಗೇ ಬಿದ್ದುಬಿಟ್ಟ. ನಾಯಿ ಡಾಕ್ಟರ ಹತ್ತಿರ ಹೋಗ್ತಿದೀನಿ. ಇದನ್ನ ಹೊರಗೆ ನೆರಳಲ್ಲಿ ಇಡು. ತಣ್ಣಗಿರಲಿ. ಒದ್ದೆ ಮಾಡಬೇಡ, ಯಾರೂ ಮುಟ್ಟಬೇಡಿ. ಜೋಪಾನ. ಇದು ಕುರೋದು."

ನಾನು ಅವರ ಗಲ್ಲವನ್ನೇ ನೋಡುತ್ತಿದ್ದೆ. ಅವರ ಗಲ್ಲ ಹಾಗೆ ಅದುರಿದ್ದನ್ನು ಯಾವತ್ತೂ ನೋಡಿರಲಿಲ್ಲ. ಬೇಟೆಗಾರರ ಗಡಸು ದನಿಯ ಮಧ್ಯೆ ಒಂದು ಕೀರಲು ಎಳೆ ಬಂದು ಹೋಯಿತು, ಹಳೇ ಬಾಗಿಲಿನ ಹಾಗೆ. ಎಂಥ ಹೊಸ ದನಿ! ಮರೆತುಹೋಗಬಾರದು ಅಂತ ಹಿಡಿದಿಟ್ಟುಕೊಂಡೆ. "ಹಾಯ್, ಹಾಯ್" ಅಂದೆ, ಆಯ್ತು ಆಯ್ತು ಅಂತ. ಅವರ ಪುಟ್ಟ ಟ್ರಕ್ಕು ಹಿಮದ ಮೇಲೆ ಜಾರುತ್ತಾ ಹೊರಟುಹೋಯಿತು.

ಒಳಗೆ ಬಂದು ಅಜ್ಜಿಯ ಮುಂದೆ ಇಡೀ ನಾಟಕ ಆಡಿದೆ. ಗಲ್ಲ ಹೀಗೆ, ಮೂಗು ಹೀಗೆ, ದನಿ ಇಲ್ಲಿ ಒಡೆಯಿತು, ನಾಯಿಯನ್ನು ಹೀಗೆ ಹಿಡಿದಿದ್ದರು. ಅಜ್ಜಿ ನಗಲಿಲ್ಲ.

"ಏನಂದ್ರೋ ಅವರು?"

"ಜೋಪಾನ ಅಂದ್ರು."

"ಅಷ್ಟೇನಾ?"

"ಕರಿಯಂದಂತೆ. ಜೋಪಾನ ಅಂತೆ."

ಸುಳ್ಳೇನೂ ಹೇಳಲಿಲ್ಲ ನೋಡಿ. ನಾಲ್ಕರಲ್ಲಿ ಒಂದು ಹೇಳಿದೆ.

ಅಜ್ಜಿ ಹಕ್ಕಿಯನ್ನು ಎರಡು ಕೈಯಲ್ಲೂ ತೆಗೆದುಕೊಂಡರು. ನಾನು ಅಂದುಕೊಂಡಿದ್ದೆ, ಥೂ ಮೈಲಿಗೆ ಅಂತ ಕಿರುಚುತ್ತಾರೆ, ಅದನ್ನೂ ಅಣಕಿಸಬಹುದು ಅಂತ. ಅವರು ಕಿರುಚಲಿಲ್ಲ. ಎದೆಯ ರಕ್ತವನ್ನು ನೋಡಿದರು, ತಣ್ಣಗಾದ ಕಾಲುಗಳನ್ನು ಮುಟ್ಟಿ ನೋಡಿದರು. "ಮನೆಗೆ ಬಂದ ಜೀವ ಹೀಗೆ ಕೊಳೆಯಲ್ಲಿ ಬಿದ್ದಿರಬಾರದು ಕಣೋ. ನಮ್ಮತ್ತೆಗೆ ನಾನೇ ಮಾಡ್ಸಿದ್ದು, ನಮ್ಮಮ್ಮನಿಗೂ ನಾನೇ, ನಿಮ್ಮ ತಾತನಿಗೂ ನಾನೇ. ಬಾ, ನೀರು ಕಾಯ್ಸು."

ಅಜ್ಜಿಯ ಸ್ನಾನದ ನೀರು ಅಂದರೆ ನಿಮಗೆ ಗೊತ್ತಿಲ್ಲ. ಎಣ್ಣೆಸ್ನಾನದ ದಿನ ನನ್ನ ಬೆನ್ನು ಬೇಯಿಸಿದ ಬೀಟ್‌ರೂಟಿನ ಹಾಗೆ ಆಗುತ್ತಿತ್ತು. 'ಸುಡತ್ತೆ ಅಜ್ಜೀ' ಅಂದರೆ 'ಸುಟ್ರೇನೇ ಸ್ನಾನ' ಅನ್ನುತ್ತಿದ್ದರು. ಅದೇ ನೀರು. ಬಚ್ಚಲುಮನೆಯ ಗಿಡ್ಡ ಸ್ಟೂಲಿನ ಮೇಲೆ ಟವೆಲ್ ಮಡಿಸಿ, ಅದರ ಮೇಲೆ ಹಕ್ಕಿಯನ್ನು ಮಲಗಿಸಿ, ಅಜ್ಜಿ ಕೂತರು. ನಾನು ಚೊಂಬಿನಲ್ಲಿ ಹುಯ್ದೆ. ಹಬೆ ಮೇಲೆದ್ದು ಕಿಟಕಿಯ ಹಿಮ ಕರಗಿತು. ಅಜ್ಜಿ ಅರಿಶಿನ ಕದಡಿ ಎದೆಗೆ ಹಚ್ಚಿದರು, ಗಾಯ ಕೊಳೆಯಬಾರದಲ್ಲ. "ಪಾಪ, ಬಾಯಿಗೆ ಹತ್ತಿ ತುರುಕಿದಾರಲ್ಲೋ" ಅಂತ ಕೊಕ್ಕಿನ ಹತ್ತಿ ತೆಗೆದು, ಎರಡು ಹನಿ ನೀರು ಬಿಟ್ಟರು. ಬಾಯೊಳಗೆ ಏನೋ ಹೇಳಿಕೊಳ್ಳುತ್ತಿದ್ದರು. ತಣ್ಣಗೆ ಅಂದಿದ್ದರಲ್ಲವಾ ಅಂತ ಒಂದು ಸಲ ನನ್ನ ತಲೆಯಲ್ಲಿ ಬಂದುಹೋಯಿತು. ಆದರೆ ಹಬೆ ಮುಖಕ್ಕೆ ಹಿತವಾಗಿತ್ತು, ಅಜ್ಜಿಯ ಕೈ ಅಷ್ಟು ಮೃದುವಾಗಿ ಓಡಾಡುತ್ತಿತ್ತು. ಹುಯ್ಯುತ್ತಲೇ ಇದ್ದೆ.

ಆಮೇಲೆ ನಾನು ಹೇರ್ ಡ್ರೈಯರ್ ಹಿಡಿದೆ. ಹೌದು, ಅದೂ ನನ್ನದೇ ಐಡಿಯಾ. ಅಜ್ಜಿ ತಮ್ಮ ಹಳೇ ಮೆತ್ತನೆ ಸೀರೆಯ ತುಂಡಿನಲ್ಲಿ ಹಕ್ಕಿಯನ್ನು ಸುತ್ತಿ, ಬಾಲ ಮಡಚದ ಹಾಗೆ ನೇರ ಮಾಡಿ, ಸುತ್ತಲೂ ನೋಡಿದರು. ಮನೆಯಲ್ಲಿ ಒಳ್ಳೆಯ ಜಾಗ ಅಂತ ಇದ್ದದ್ದು ಒಂದೇ. ಕೊತಾತ್ಸುವಿನ ರಜಾಯಿ ಎತ್ತಿ, ಹೀಟರಿನ ನೇರಕ್ಕೆ ಒಳಗೆ ಮಲಗಿಸಿದರು. "ಬೆಚ್ಚಗೆ ಮಲಕ್ಕೊಳ್ಳಲಿ. ಕರಿಯ ಹುಷಾರಾಗಿ ಬರಲಿ." ನಾವಿಬ್ಬರೂ ಕಾಲು ಮುದುರಿಕೊಂಡು, ಅದಕ್ಕೆ ತಾಗದ ಹಾಗೆ ಕೂತು ಉಳಿದ ಕಿತ್ತಳೆ ತಿಂದೆವು.

ಸಂಜೆಯ ಹೊತ್ತಿಗೆ ಅಮ್ಮ, ಅಕ್ಕ ಬಂದರು. ಅಕ್ಕ ಚೀಲ ಇಳಿಸಿ, ಚಳಿ ಚಳಿ ಅಂತ ಓಡಿಬಂದು ಕಾಲು ಒಳಗೆ ತೂರಿಸಿದಳು.

"ಲೋ, ಏನೋ ಇದು? ಒದ್ದೆ ಒದ್ದೆ ಇದೆ."

ರಜಾಯಿ ಎತ್ತಿದಳು. ಅಮ್ಮ ಇಣುಕಿ ನೋಡಿ ಕಿಟಾರನೆ ಕಿರುಚಿದರು. "ಅಯ್ಯಯ್ಯೋ! ಅತ್ತೇ! ಕಾಲಿಡೋ ಜಾಗದಲ್ಲಿ ಹೆಣ!" ಅಕ್ಕ ಕಿರುಚಲಿಲ್ಲ. ಸೀರೆಯ ತುಂಡನ್ನು ಬಿಡಿಸಿದಳು. ಬೇಯಿಸಿದ ವಾಸನೆ, ಅರಿಶಿನದ ವಾಸನೆ, ಇನ್ನೊಂದು ಯಾವುದೋ ಸಿಹಿಯಾದ ಕೆಟ್ಟ ವಾಸನೆ ಒಟ್ಟಿಗೆ ಮೇಲೆದ್ದವು. ಅವಳು ಎರಡು ಕೈಯಲ್ಲಿ ಹಕ್ಕಿಯನ್ನೆತ್ತಿ ಚಪ್ಪಲಿಯನ್ನೂ ಹಾಕದೆ ಹೊರಗೆ ಓಡಿ, ಹಿಮದ ಮೇಲೆ ಮಲಗಿಸಿ, ಓಜೀಸಾನ್ ಊದುವ ಹಾಗೆ ಎದೆಯ ಗರಿಗಳ ಮೇಲೆ ಮೆಲ್ಲಗೆ ಊದಿದಳು. ಗರಿ ಸರಿದಾಗ ಒಳಗಿನ ಚರ್ಮ ಕಾಣಿಸಿತು. ಹೊಟ್ಟೆಯ ಹತ್ತಿರ ಹಸಿರಾಗಿತ್ತು. ಅವಳು ಕೈ ತೆಗೆದಾಗ ಅಂಗೈಗೆ ತಾಮ್ರದ ಬಣ್ಣದ ಗರಿಗಳು ಅಂಟಿಕೊಂಡು ಬಂದವು. ಎದೆಯಲ್ಲಿ ಒಂದು ರೂಪಾಯಿಯಗಲ ಬರೀ ಚರ್ಮ ಉಳಿಯಿತು.

"ಬಿಸಿನೀರು ಹಾಕಿದ್ರಾ?"

"ಸ್ನಾನ ಮಾಡಿಸ್ದೆ ಕಣೇ" ಅಂದರು ಬಾಗಿಲಲ್ಲಿ ನಿಂತ ಅಜ್ಜಿ.

"ಅಜ್ಜೀ, ಕೋಳಿ ಅಂಗಡಿಯವರು ಗರಿ ಕೀಳೋಕ್ಕೆ ಮಾಡೋದೇ ಇದನ್ನ. ಬಿಸಿನೀರಲ್ಲಿ ಅದ್ದಿ ತೆಗೀತಾರೆ, ಗರಿ ತಾನಾಗೇ ಬರತ್ತೆ."

ಕೋಳಿ ತಿನ್ನುವ ಯಾವ ಮನೆಯ ಅಜ್ಜಿಗಾದರೂ ಇದು ಗೊತ್ತಿರುತ್ತಿತ್ತು. ನಮ್ಮಜ್ಜಿ ಹುಟ್ಟಿದಾಗಿನಿಂದ ಒಂದು ಕೋಳಿಯನ್ನೂ ಕೈಯಲ್ಲಿ ಹಿಡಿದವರಲ್ಲ. ಅವರು ತಮ್ಮ ಬೆರಳುಗಳನ್ನು ನೋಡಿಕೊಂಡರು, ಅರಿಶಿನ ಇನ್ನೂ ಹೋಗಿರಲಿಲ್ಲ. ಅಕ್ಕ ನನ್ನ ಕಡೆ ತಿರುಗಿದಳು. "ನಿನಗೇನು ಹೇಳಿ ಹೋದ್ರು ಅವರು?" ನಾನು ಪೂರ್ತಿ ಹೇಳಿದೆ, ಈ ಸಲ ಮುಖದಲ್ಲಿ ಏನೂ ಮಾಡದೆ. ಅಜ್ಜಿ ಅದನ್ನು ಮೊದಲ ಸಲ ಕೇಳಿಸಿಕೊಂಡರು. ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅಕ್ಕ ಆಲೂಗಡ್ಡೆ ಹಿಟ್ಟಿನ ಪೊಟ್ಟಣ ತಂದು ಹಿಮದಲ್ಲೇ ಕೂತಳು. ಒಂದೊಂದೇ ಗರಿಯನ್ನು ಅದರ ಜಾಗಕ್ಕೆ ಇಟ್ಟು ಒತ್ತುತ್ತಿದ್ದಳು, ನಿಲ್ಲುತ್ತವೆ ಅನ್ನುವ ಹಾಗೆ. ನಿಲ್ಲುತ್ತಿರಲಿಲ್ಲ. ಅವಳ ಮೂಗಿನ ತುದಿ ಕೆಂಪಾಗಿ, ಬೆರಳು ನೀಲಿಯಾಗಿ, ಅಮ್ಮ ಬಂದು ಕಾಲ ಮೇಲೆ ಶಾಲು ಹೊದಿಸಿ ಹೋದರೂ ಅವಳು ಏಳಲಿಲ್ಲ.

ಆಗ ಟ್ರಕ್ಕಿನ ಸದ್ದು ಕೇಳಿಸಿತು. ಓಜೀಸಾನ್ ಒಬ್ಬರೇ ಇಳಿದರು. ಕೈಯಲ್ಲಿ ಕುರೋದ ಕತ್ತಿನ ಪಟ್ಟಿ ಇತ್ತು. ಹಿಂದುಗಡೆ ಒಂದು ಕಂಬಳಿಯ ಗಂಟು. ಹೇಳುವುದೇನೂ ಉಳಿದಿರಲಿಲ್ಲ. ಅವರು ನೇರ ನಮ್ಮ ಅಂಗಳಕ್ಕೆ ಬಂದರು, ಆ ಗಂಟನ್ನು ಬಿಟ್ಟರೆ ಅವರಿಗೆ ಪ್ರಪಂಚದಲ್ಲಿ ಉಳಿದಿದ್ದ ಇನ್ನೊಂದು ವಸ್ತು ನಮ್ಮ ಮನೆಯಲ್ಲಿತ್ತಲ್ಲ.

ಅಕ್ಕನ ಎದುರಿಗೆ ಕುಕ್ಕರಗಾಲಲ್ಲಿ ಕೂತು ಹಕ್ಕಿಯನ್ನು ನೋಡಿದರು. ಊದಿ ನೋಡಿದರು. ರೆಕ್ಕೆ ಬಿಡಿಸಿ ಕಂಕುಳಲ್ಲಿ ಬೆರಳಿಟ್ಟು ನೋಡಿದರು. ಕೊಕ್ಕು ತೆರೆದು ನೋಡಿದರು, ಹತ್ತಿ ಇರಲಿಲ್ಲ. ನಾನು ಅವರ ಬಾಯಿಯ ಎಡ ಮೂಲೆಯನ್ನೇ ನೋಡುತ್ತಾ ಕಾದೆ. ನಾಲಿಗೆಯ ತುದಿ ಹೊರಗೆ ಬರಲಿಲ್ಲ. ಮಾಡುವ ಕೆಲಸ ಏನೂ ಉಳಿದಿಲ್ಲ ಅನ್ನುವುದು ನನಗೆ ಗೊತ್ತಾದದ್ದು ಹಾಗೆ.

ಅಜ್ಜಿ ಬರಿಗಾಲಲ್ಲಿ ಹಿಮಕ್ಕೆ ಇಳಿದು ಬಂದು, ಕೈಮುಗಿದು, ಅವರಿಗೇ ನೇರವಾಗಿ ಕನ್ನಡದಲ್ಲಿ ಹೇಳಿದರು. "ನಾನು ಸ್ನಾನ ಮಾಡಿಸ್ಬಿಟ್ಟೆ. ನಮ್ಮೋರು ಹೋದ್ರೆ ಮಾಡಿಸ್ತೀವಲ್ಲ, ಹಾಗೆ. ಗೊತ್ತಾಗ್ಲಿಲ್ಲ ನಂಗೆ. ಚಳಿಯಾಗತ್ತೆ ಅಂತ ಒಳಗಿಟ್ಟೆ." ಒಂದೊಂದು ಪದವನ್ನೂ ನಾನು ಜಪಾನೀಸಿಗೆ ಹಾಕಿದೆ. ಕೊನೆಗೆ ನನ್ನದನ್ನೂ ಸೇರಿಸಿದೆ, ನೀವು ಹೇಳಿದ್ದನ್ನು ನಾನು ಹೇಳಿರಲಿಲ್ಲ, ಸುಮಿಮಾಸೆನ್, ತಪ್ಪಾಯಿತು ಅಂತ.

ಓಜೀಸಾನ್ ಎದ್ದು, ಅಜ್ಜಿಗೆ ನಡು ಬಗ್ಗಿಸಿ ನಮಸ್ಕರಿಸಿದರು. ಇಷ್ಟು ತೊಂದರೆ ತೆಗೆದುಕೊಂಡಿರಲ್ಲ ಅಂದರು. ಅಣಕವಲ್ಲ, ಸಿಟ್ಟಲ್ಲ, ನಿಜವಾಗಿಯೂ ಅಂದರು. ಅದನ್ನು ಒಂದು ಪದವೂ ಬಿಡದೆ ಕನ್ನಡಕ್ಕೆ ತಂದೆ. ಅಜ್ಜಿ ಟ್ರಕ್ಕಿನ ಕಡೆ ಕೈ ತೋರಿಸಿ, "ಕರಿಯನಿಗಾದ್ರೂ ನಾನು ಸ್ನಾನ ಮಾಡಿಸ್ಲಾ, ಕೇಳೋ" ಅಂದರು. ಕೇಳಿದೆ. ಅವರ ಮುಖದಲ್ಲಿ ನಗುವಿನಂಥದ್ದು ಒಂದು ಬಂದು ಅರ್ಧಕ್ಕೇ ನಿಂತಿತು. "ಬೇಡ. ಕುರೋಗೆ ಸ್ನಾನ ಅಂದ್ರೆ ಆಗ್ತಿರಲಿಲ್ಲ."

ಈಗ ನಾನು ಮಾಡಿದ್ದನ್ನು ಹೇಳುತ್ತೇನೆ. ಅದನ್ನು ನಿಮ್ಮಮ್ಮ ಇವತ್ತಿಗೂ ಯಾರಿಗೂ ಹೇಳಿಲ್ಲ. ಓಜೀಸಾನ್ ನಮ್ಮ ಜಗಲಿಯ ಅಂಚಿನಲ್ಲಿ ಕೂತಿದ್ದರು, ಪಟ್ಟಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ. ಅವರಿಗೆ ಏನಾದರೂ ಕೊಡಬೇಕು ಅನ್ನಿಸಿತು. ನನ್ನ ಹತ್ತಿರ ಇದ್ದದ್ದು ಒಂದೇ ವಿದ್ಯೆ. ಅವರ ಬೆನ್ನ ಹಿಂದೆ ನಿಂತು ಕುರೋದ ಹಾಗೆ ಬೊಗಳಿದೆ. ಬೆಟ್ಟ ಇಳಿದು ಗೇಟಿನ ಹತ್ತಿರ ಬಂದಾಗ ಅದು ಬೊಗಳುತ್ತಿದ್ದ ಹಾಗೆ, ಒಂದು ದೊಡ್ಡದು, ಎರಡು ಚಿಕ್ಕದು. ನನ್ನ ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಯಾವುದನ್ನೂ ಮಾಡಿಲ್ಲ.

ಅವರು ತಟ್ಟನೆ ತಿರುಗಿದರು. ಗೇಟಿನ ಕಡೆ. ಕೈಯಿಂದ ಪಟ್ಟಿ ಕೆಳಗೆ ಬಿತ್ತು, ಅರ್ಧ ಎದ್ದೇಬಿಟ್ಟಿದ್ದರು. ಗೇಟಿನಲ್ಲಿ ಏನೂ ಇರಲಿಲ್ಲ. ನಿಧಾನವಾಗಿ ಮತ್ತೆ ಕೂತರು. ಅಜ್ಜಿ ಬಂದು ನನ್ನ ಬಾಯಿಯ ಮೇಲೆ ಅಂಗೈ ಇಟ್ಟರು. ಒತ್ತಲಿಲ್ಲ, ಸುಮ್ಮನೆ ಇಟ್ಟರು. ಓಜೀಸಾನ್ ಭುಜ ಅಲುಗುವುದು ನನಗೆ ಹಿಂದಿನಿಂದ ಕಾಣಿಸುತ್ತಿತ್ತು. ಆ ದನಿಯನ್ನು ನಾನು ಮತ್ತೆ ತೆಗೆದಿಲ್ಲ. ಪುಟ್ಟಿ, ನೀನು ಎಷ್ಟು ಸಲ ಕಾಡಿದರೂ ಮಾಮ ನಾಯಿ ಬೊಗಳೋದು ಮಾತ್ರ ಮಾಡಲ್ಲ ಅಂತೀಯಲ್ಲ, ಕಾರಣ ಇಷ್ಟೇ.

ಈಗ ನೀವಿರುವುದು ಗ್ಯೋಟೋಕು ಪೇಟೆಯ ಫ್ಲಾಟಿನ ಎಂಟನೇ ಮಹಡಿಯಲ್ಲಿ. ನಿಮ್ಮ ಲಿಫ್ಟಿನಲ್ಲಿ ಬರುವ ನಾಯಿಗಳು ಸ್ವೆಟರ್ ತೊಟ್ಟು, ತಳ್ಳುಗಾಡಿಯಲ್ಲಿ ಕೂತು, ನಮಗಿಂತ ಗಂಭೀರವಾಗಿ ಹೊರಗೆ ನೋಡುತ್ತವೆ. ಅವು ಯಾರಿಗೂ ಏನನ್ನೂ ಬಾಯಲ್ಲಿ ಕಚ್ಚಿ ತಂದುಕೊಡಬೇಕಾಗಿಲ್ಲ. ಸತ್ತದ್ದು ಯಾವುದನ್ನೂ ನೀವು ಹತ್ತಿರದಿಂದ ನೋಡಿಲ್ಲ, ಒಂದು ಜಿರಲೆ ಬಿಟ್ಟರೆ. ಹೋದ ತಿಂಗಳು ನಿಮ್ಮ ಪೆಂಗ್ವಿನ್ ಬೊಂಬೆ ರೈಲಿನಲ್ಲೇ ಉಳಿದುಹೋದಾಗ ಇಬ್ಬರೂ ಮನೆ ಹಾರಿಹೋಗುವ ಹಾಗೆ ಅತ್ತಿರಿ. ನಿಮ್ಮಪ್ಪ ಫೋನಿನಲ್ಲಿ ಬೆರಳಾಡಿಸಿದರು. ಮಾರನೇ ದಿನ ಡಬ್ಬಿ ಬಂತು, ಒಳಗೆ ಅದೇ ಪೆಂಗ್ವಿನ್, ಅದೇ ಟೋಪಿ. ನೀವು ಒಂದು ಸಲ ಮೂಸಿ ನೋಡಿ, ಅಪ್ಪಿಕೊಂಡು ಮಲಗಿದಿರಿ. ಹಳೆಯದು ಇದೇ ಅಂತ ನಂಬಿದಿರೋ, ನಂಬಿದ ಹಾಗೆ ಮಾಡಿದಿರೋ, ನನಗೆ ಗೊತ್ತಿಲ್ಲ. ನಿಮ್ಮನ್ನು ಆಡಿಕೊಳ್ಳುತ್ತಿಲ್ಲ. ನಮ್ಮ ಮನೆಯಲ್ಲೂ ಆ ಚಳಿಗಾಲದ ಹೊತ್ತಿಗಾಗಲೇ ಅಂಥ ಫೋನು ಬಂದಿತ್ತು.

ಆ ಸಂಜೆ ಅಪ್ಪ ಕೆಲಸ ಮುಗಿಸಿ ಬಂದು, ಅಂಗಳದಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡರು. ಅಪ್ಪ ಇಂಜಿನಿಯರು, ಕೆಟ್ಟದ್ದನ್ನು ಕೆಟ್ಟ ಹಾಗೇ ಬಿಟ್ಟು ಗೊತ್ತಿಲ್ಲ. ಜೇಬಿನಿಂದ ಫೋನ್ ತೆಗೆದು, ಗ್ಲೌಸನ್ನು ಹಲ್ಲಿನಲ್ಲಿ ಕಚ್ಚಿ ಎಳೆದು, ಹುಡುಕಿಯೇಬಿಟ್ಟರು. ಗಂಡು ಯಾಮಾದೊರಿ, ನುರಿತವರ ಕೈಯಲ್ಲಿ ತುಂಬಿಸಿ ನಿಲ್ಲಿಸಿದ್ದು, ಮರದ ಪೀಠದ ಸಮೇತ, ಹೊಚ್ಚ ಹೊಸದರ ಹಾಗಿತ್ತು. ಬಾಲದ ಉದ್ದವೂ ಇದಕ್ಕೆ ಸರಿಸಮ. ಮೊಣಕಾಲೂರಿ ಕೂತು, ತಮಗೆ ಗೊತ್ತಿದ್ದ ಅತಿ ಮರ್ಯಾದೆಯ ಜಪಾನೀಸಿನಲ್ಲಿ, ನಾಳೆಯೇ ತರಿಸಿಬಿಡುತ್ತೇನೆ, ದಯವಿಟ್ಟು ಬೇಡ ಅನ್ನಬೇಡಿ ಅಂತ ಫೋನನ್ನು ಎರಡು ಕೈಯಲ್ಲಿ ಮುಂದೆ ಹಿಡಿದರು.

ಓಜೀಸಾನ್ ಕನ್ನಡಕವನ್ನು ಹಣೆಗೇರಿಸಿ, ಆ ಚಿತ್ರವನ್ನು ತುಂಬ ಹೊತ್ತು, ಮರ್ಯಾದೆಯಿಂದ ನೋಡಿದರು. ಕೆಲಸ ಚೆನ್ನಾಗಿದೆ ಅನ್ನುವ ಹಾಗೆ ತಲೆಯಾಡಿಸಿದರು. ಆಮೇಲೆ ನಮ್ಮ ಹಕ್ಕಿಯನ್ನು ಅಜ್ಜಿಯ ಸೀರೆಯ ತುಂಡಿನಲ್ಲೇ ಸುತ್ತಿ, ಉದುರಿದ ಗರಿಗಳನ್ನೂ ಹಿಮದಿಂದ ಆರಿಸಿ ಅದರೊಳಗಿಟ್ಟು, ಎದೆಗೆ ಹಿಡಿದು ಎದ್ದು ನಿಂತರು.

"ಇದಕ್ಕಿಂತ ಅದೇ ಚೆನ್ನಾಗಿದೆ" ಅಂದರು. "ಆದರೆ ಅದನ್ನ ಕುರೋ ತಂದಿಲ್ಲವಲ್ಲ."